ಹೆಸರಿಗೆ ಎಷ್ಟು ಓಟು, ಗುರುತಿಗೆ ಎಷ್ಟು ಓಟು: ಮಸ್ಕಿ ಬೂತ್ ಪಟ್ಟಿ ಬಿಡಿಸಿದ ನನ್ನ ಅನುಭವ

ರಾಯಚೂರು ಜಿಲ್ಲೆಯ ಮಸ್ಕಿಯ ಮಾಜಿ ಶಾಸಕ ಪ್ರತಾಪಗೌಡ ಪಾಟೀಲರ ರಾಜಕೀಯದ ಬಗ್ಗೆ ಬರೆಯುವವರೆಲ್ಲ ಒಂದೇ ದಾರಿ ಹಿಡಿಯುತ್ತಾರೆ. 2008ರಲ್ಲಿ ಬಿಜೆಪಿಯಿಂದ ಗೆಲುವು, 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ ಗೆಲುವು, 2019ರಲ್ಲಿ ರಾಜೀನಾಮೆ, ಅನರ್ಹತೆ, 2021ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಸೋಲು, 2023ರಲ್ಲಿ ಇನ್ನೊಂದು ಸೋಲು. ಆಮೇಲೆ ಒಂದಿಷ್ಟು ಜಾತಿ ಲೆಕ್ಕ, ಒಂದಿಷ್ಟು ದುಡ್ಡಿನ ಮಾತು. ಲೇಖನ ಮುಗೀತು. ನಾನೂ ಹತ್ತಾರು ವರ್ಷ ಅರೆಕಾಲಿಕ ವರದಿಗಾರನಾಗಿ ಇದನ್ನೇ ಬರೆದು ಕೊಟ್ಟಿದ್ದೇನೆ. ಸಿಂಧನೂರಿನಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಹೊಟ್ಟೆಪಾಡು ಅದರಿಂದ, ಚಟ ಇದರಿಂದ.

ನನ್ನ ಪ್ರಶ್ನೆ ಬೇರೆ ಇತ್ತು. ಒಬ್ಬ ಶಾಸಕನಿಗೆ ಬಿದ್ದ ಓಟಿನಲ್ಲಿ ಅವನ ಹೆಸರಿಗೆ ಬಿದ್ದದ್ದೆಷ್ಟು, ಗುರುತಿಗೆ ಬಿದ್ದದ್ದೆಷ್ಟು? ಇದನ್ನು ಬಿಡಿಸಲು ಆಗಲ್ಲ ಅಂತಲೇ ಎಲ್ಲರೂ ಹೇಳಿದರು. ಆದರೆ ಮಸ್ಕಿಯಂಥ ಕ್ಷೇತ್ರ ಇನ್ನೊಂದು ಸಿಗುವುದು ಕಷ್ಟ. 2018ರಲ್ಲಿ ಪ್ರತಾಪಗೌಡರು ಕೈ, ಬಸನಗೌಡ ತುರ್ವಿಹಾಳರು ಕಮಲ. 2021ರಲ್ಲಿ ಅದೇ ಇಬ್ಬರು, ಗುರುತು ಮಾತ್ರ ಅದಲುಬದಲು. 2023ರಲ್ಲೂ ಅದೇ ಇಬ್ಬರು, 2021ರ ಗುರುತುಗಳೇ. ಲೆಕ್ಕ ಮಾಡುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಒಟ್ಟು ಓಟು ನಿಮಗೆ ಗೊತ್ತೇ ಇದೆ. 2018ರಲ್ಲಿ ಇಬ್ಬರೂ 60 ಸಾವಿರ ಚಿಲ್ಲರೆ, ಪ್ರತಾಪಗೌಡರು ಗೆದ್ದದ್ದು 213 ಓಟಿನಲ್ಲಿ. 2021ರಲ್ಲಿ ತುರ್ವಿಹಾಳರು 86 ಸಾವಿರ ದಾಟಿದರು, ಪ್ರತಾಪಗೌಡರು 55 ಸಾವಿರದ ಆಸುಪಾಸು. ಲೀಡ್ 30 ಸಾವಿರದ ಮೇಲೆ. ಇದನ್ನು ನೋಡಿದರೆ ಪ್ರತಾಪಗೌಡರ ಓಟು ಬರೀ 5 ಸಾವಿರದಷ್ಟು ಕಡಿಮೆಯಾಗಿದೆ, ಹಾಗಾಗಿ ಹೆಸರಿನ ಓಟು ಹಾಗೇ ಉಳಿದಿದೆ ಅನ್ನಿಸುತ್ತದೆ. ನಮ್ಮ ಹಿರಿಯ ವರದಿಗಾರರೊಬ್ಬರು ಹಾಗೇ ಬರೆದರು ಕೂಡ. ಆದರೆ ಒಟ್ಟು ಮೊತ್ತ ಮೋಸ ಮಾಡುತ್ತದೆ. ಒಂದು ಊರಿನಲ್ಲಿ 200 ಓಟು ಹೋಗಿ, ಪಕ್ಕದ ಊರಿನಲ್ಲಿ 200 ಬಂದರೆ ಮೊತ್ತ ಅಲ್ಲಾಡುವುದೇ ಇಲ್ಲ. ಒಳಗೆ ಮಾತ್ರ ಜನವೇ ಬದಲಾಗಿರುತ್ತಾರೆ. ಅದಕ್ಕೇ ಫಾರ್ಮ್ 20, ಅಂದರೆ ಬೂತ್‌ವಾರು ಫಲಿತಾಂಶದ ಹಾಳೆ ಹಿಡಿದು ಬೂತ್ ಬೂತಿಗೆ ಇಳಿದೆ.

ಮೊದಲ ಪೆಟ್ಟು ಅಲ್ಲೇ ಬಿತ್ತು. 2018ರಲ್ಲಿ ಇನ್ನೂರು ಚಿಲ್ಲರೆ ಬೂತ್. 2021ರಲ್ಲಿ ಕೋವಿಡ್ ಕಾರಣಕ್ಕೆ ಬೂತಿಗೆ ಸಾವಿರ ಮತದಾರರ ಮಿತಿ ಬಂದು, ಒಂದೊಂದು ಬೂತ್ ಎರಡಾಯಿತು. 'ಎ' ಅಂತ ಬಾಲ ಸೇರಿಸಿದ ನಂಬರುಗಳು ತುಂಬಿಕೊಂಡವು. 2023ಕ್ಕೆ ಮತ್ತೆ ನಂಬರು ಬೇರೆ. ನಂಬರಿಗೆ ನಂಬರು ಹೊಂದಿಸಿದರೆ ಒಂದು ಊರಿನ ಓಟು ಇನ್ನೊಂದು ಊರಿನ ತಲೆಗೆ ಬೀಳುತ್ತದೆ. ಬದಲಾವಣೆಯ ಪಟ್ಟಿಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅಷ್ಟರಲ್ಲೇ ಹಿಡಿಸಿ ಬರೆದೆ. 'ಕೇಳಿದ ರೂಪದಲ್ಲಿ ಲಭ್ಯವಿಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ಮೇಲ್ಮನವಿಗೂ ಅದೇ ಗತಿ. ಅರ್ಜಿ, ರಿಜಿಸ್ಟರ್ ಪೋಸ್ಟ್, ಓಡಾಟ ಸೇರಿ 2 ಸಾವಿರ ನೀರಿಗೆ ಹೋಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಶಾಲೆ ಕಟ್ಟಡ. ನಂಬರು ಬದಲಾಗುತ್ತದೆ, ಶಾಲೆ ಬದಲಾಗಲ್ಲ. ಮತದಾರರ ಪಟ್ಟಿಯ ಪ್ರತಿ ಭಾಗದ ಮೊದಲ ಹಾಳೆಯಲ್ಲಿ ಮತಗಟ್ಟೆಯ ಕಟ್ಟಡ, ಪೂರ್ವದ ಕೋಣೆಯೋ ಪಶ್ಚಿಮದ ಕೋಣೆಯೋ ಎಲ್ಲ ಇರುತ್ತದೆ. ಅದೇ ಶಾಲೆಯ ಎಲ್ಲಾ ಬೂತ್ ಕೂಡಿಸಿ ಒಂದು ಸಾಲು ಮಾಡಿದೆ. ಬೂತ್ ಎಣಿಸುವುದು ಬಿಟ್ಟು ಶಾಲೆ ಎಣಿಸಿದೆ ಅನ್ನಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಇನ್ನರ್ಧ ಟೈಪಿಂಗ್. ಫಾರ್ಮ್ 20ರ ಸ್ಕ್ಯಾನ್ ಪ್ರತಿಗಳು ಸೊಟ್ಟ, ಕೆಲವು ಹಾಳೆಗಳಲ್ಲಿ 3 ಯಾವುದು 8 ಯಾವುದು ತಿಳಿಯಲ್ಲ. ಒಬ್ಬ ಹುಡುಗನಿಗೆ ಹಾಳೆಗೆ 50 ರೂಪಾಯಿಯಂತೆ ಕೊಟ್ಟೆ. ಮೂರೂವರೆ ಸಾವಿರ ಕೊಟ್ಟ ಮೇಲೆ ನೋಡಿದರೆ ಅವನು ಒಂದು ಸಾಲು ಬಿಟ್ಟು, ಅಲ್ಲಿಂದ ಕೆಳಗೆ ಎಲ್ಲವನ್ನೂ ಒಂದು ಸಾಲು ಮೇಲಕ್ಕೆ ಏರಿಸಿದ್ದ. ಅದರ ಮೇಲೆ ಊರಿನ ಹೆಸರೆಲ್ಲ ಯೂನಿಕೋಡ್ ಬಿಟ್ಟು 'ನುಡಿ' ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದ. ಎಕ್ಸೆಲ್‌ನಲ್ಲಿ ಅದನ್ನು ಹೊಂದಿಸುವ ಕಷ್ಟ ಡಿಟಿಪಿ ಮಾಡುವವರಿಗೇ ಗೊತ್ತು. ಆ ಫೈಲ್ ಬಿಸಾಡಿ ಮೊದಲಿಂದ ಶುರು ಮಾಡಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮನೆಯವಳು ಓದಿದಳು, ನಾನು ಒತ್ತಿದೆ. ಪ್ರತಿ ಹಾಳೆಯ ಕೆಳಗಿನ ಮೊತ್ತ ತಾಳೆಯಾಗದೆ ಮುಂದಿನ ಹಾಳೆಗೆ ಹೋಗಲಿಲ್ಲ. ಅಂಚೆ ಮತಗಳನ್ನು ಬೇರೆ ಇಟ್ಟೆ, ಅವು ಯಾವ ಊರಿಗೂ ಸೇರಲ್ಲ.

ಮಿತ್ರರು ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ನನ್ನನ್ನು ಆಡಿಕೊಂಡದ್ದೇ ಆಡಿಕೊಂಡದ್ದು. "ಏನಲೇ ತಮ್ಮಾ, ಎಣಿಸಿದ್ದ ಓಟು ಮತ್ತ ಎಣಸಾಕತ್ತೀಯಲ್ಲ, ಎಲೆಕ್ಷನ್ ಕಮಿಷನ್ನಿನವ್ರು ಪಗಾರ ಕೊಡ್ತಾರೇನು?" ಅಂತ ಒಬ್ಬರು. ಚಹಾದ ದುಡ್ಡು ಮಾತ್ರ ನನ್ನದೇ.

ಹೆಸರು ಮತ್ತು ಗುರುತು ಬೇರೆ ಮಾಡಲು 2018 ಮತ್ತು 2021 ಎರಡೇ ಇದ್ದರೆ ಸಾಲದು. ನಡುವೆ ಇಬ್ಬರ ಹೆಸರೂ ಇಲ್ಲದ ಒಂದು ಚುನಾವಣೆ ಬೇಕು. ಅದು 2019ರ ಲೋಕಸಭೆ. ಮಸ್ಕಿ ರಾಯಚೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಕೊಪ್ಪಳ ಕ್ಷೇತ್ರ. ಕರಡಿ ಸಂಗಣ್ಣ ಕಮಲ, ರಾಜಶೇಖರ ಹಿಟ್ನಾಳ ಕೈ. ಅದು ಹೆಚ್ಚುಕಡಿಮೆ ಬರೀ ಗುರುತಿನ ಓಟು. ಈಗ ಒಂದು ಶಾಲೆ ತಗೊಳ್ಳಿ. 2021ರಲ್ಲಿ ಪ್ರತಾಪಗೌಡರಿಗೆ ಬಿದ್ದ ಓಟು ಅವರದೇ 2018ರ ಓಟಿಗೆ ಹತ್ತಿರ ಇದ್ದರೆ, ಅಲ್ಲಿ ಜನ ಹೆಸರಿನ ಹಿಂದೆ ಹೋಗಿದ್ದಾರೆ. 2019ರ ಕಮಲದ ಓಟಿಗೆ ಹತ್ತಿರ ಇದ್ದರೆ ಗುರುತಿನ ಹಿಂದೆ. ಎರಡಕ್ಕಿಂತಲೂ ಕೆಳಗೆ ಬಿದ್ದಿದ್ದರೆ? ಅಲ್ಲಿ ಸಿಟ್ಟು. ಈ ಮೂರನೆಯ ಗುಂಪೇ ನನಗೆ ಬೇಕಾದದ್ದು.

ಲೋಕಸಭೆಯಲ್ಲಿ ಮೋದಿ ಹೆಸರಿನ ಓಟೂ ಇತ್ತಲ್ವಾ ಅಂತ ಕೇಳುತ್ತೀರಿ. ಇತ್ತು. ಅದನ್ನು ಎಷ್ಟು ಕಳೆಯಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ. ಊರು, ಕ್ಯಾಂಪು, ತಾಂಡಾ ಒಂದೇ ಶಾಲೆಯಲ್ಲಿ ಓಟು ಹಾಕಿದಾಗ ಬೇರೆ ಮಾಡುವ ಉಪಾಯವನ್ನೂ ಸದ್ಯಕ್ಕೆ ಹೇಳಲ್ಲ. 2018ರಲ್ಲಿ ಕಣದಲ್ಲಿದ್ದ ಜೆಡಿಎಸ್ 2021ರಲ್ಲಿ ಅಭ್ಯರ್ಥಿ ಹಾಕಲಿಲ್ಲ, ಆ ಓಟನ್ನು ಮರೆಯಬೇಡಿ. ಇಷ್ಟು ಸುಳಿವು ಸಾಕು.

ಮೂರನೆಯ ಗುಂಪಿನ ಶಾಲೆಗಳಿಗೆ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟಾಗ ನನಗೇ ಖುಷಿಯಾಯಿತು. ಅವು ಕ್ಷೇತ್ರದ ತುಂಬ ಹರಡಿರಲಿಲ್ಲ, ಗುಂಪು ಗುಂಪಾಗಿ ಕೂತಿದ್ದವು, ಅದೂ ಜಾಸ್ತಿ ನೀರಿಲ್ಲದ ಭಾಗದಲ್ಲಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಉಪಚುನಾವಣೆಗೆ ಮುಂಚೆಯೇ. ಅದೊಂದು ಸ್ಥಳೀಯ ಸುದ್ದಿ ಅಂತ ನಾವೆಲ್ಲ ಎರಡು ಕಾಲಂ ಹಾಕಿ ಬಿಟ್ಟಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಈಗಲೂ ತುರ್ವಿಹಾಳರ ಮೇಲಿನ 'ಅನುಕಂಪ' ಅಂತಲೇ ಹೇಳುತ್ತಾರೆ. ಅನುಕಂಪವಾದರೆ ಎಲ್ಲಾ ಕಡೆ ಒಂದಿಷ್ಟು ಕಾಣಬೇಕಿತ್ತು.

ನಡುವೆ ಸುಮ್ನೆ ಕೂರದೆ ಇನ್ನೊಂದೆರಡು ಪ್ರಯೋಗ ಮಾಡಿದೆ. ಒಂದು, ಅಡಿಗಲ್ಲುಗಳ ಫೋಟೊ. ರಸ್ತೆ, ಸಮುದಾಯ ಭವನ, ಶಾಲೆ ಕೋಣೆ, ಎಲ್ಲಿ ಕಲ್ಲು ಕಂಡರೂ ಬೈಕ್ ನಿಲ್ಲಿಸಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದು ಎಲ್ಲಿಗೆ ಹೋಯಿತು, ಅಲ್ಲಿ ಓಟು ಏರಿತೇ ಅಂತ ನೋಡುವ ಆಸೆ. ಪೆಟ್ರೋಲಿಗೆ 7-8 ಸಾವಿರ ಸುಟ್ಟೆ. ಸಂಬಂಧ ಏನೂ ಕಾಣಲಿಲ್ಲ. ಕಲ್ಲಿನ ಮೇಲೆ ಪಕ್ಷದ ಹೆಸರು ಇರಲ್ಲ, 'ಮಾನ್ಯ ಶಾಸಕರು' ಅಷ್ಟೇ. ಯಾವಾಗ ಕೈ, ಯಾವಾಗ ಕಮಲ ಅಂತ ಕಲ್ಲು ನೋಡಿದರೆ ತಿಳಿಯಲ್ಲ. ಆದರೂ 2019ರ ಜುಲೈನಿಂದ 2021ರ ಮೇ ತನಕ ಮಸ್ಕಿಗೆ ಶಾಸಕರೇ ಇರಲಿಲ್ಲವಲ್ಲ, ಚುನಾವಣಾ ತಕರಾರು ಅರ್ಜಿಯಿಂದಾಗಿ 2019ರ ಡಿಸೆಂಬರಿನ ಉಪಚುನಾವಣೆಯೂ ತಪ್ಪಿತಲ್ಲ, ಆ ಅವಧಿಯ ಕಲ್ಲು ಸಿಕ್ಕರೆ ಯಾರ ಹೆಸರಿದೆ ಅಂತ ಈಗಲೂ ಇಳಿದು ನೋಡುತ್ತೇನೆ.

ಎರಡನೆಯದು ಆಸ್ತಿ ಪ್ರಮಾಣಪತ್ರ. ಇದನ್ನು ಮಾಡುವವರು ಹುಷಾರು. 2019ರ ಫೆಬ್ರವರಿಯಲ್ಲಿ ಆ ಪ್ರಮಾಣಪತ್ರದ ನಮೂನೆ, ಫಾರ್ಮ್ 26, ಬದಲಾಗಿ, ಐದು ವರ್ಷದ ಆದಾಯ ತೋರಿಸಬೇಕಾಯಿತು. 2018ರದ್ದನ್ನೂ 2021ರದ್ದನ್ನೂ ಪಕ್ಕಪಕ್ಕ ಇಟ್ಟು 'ಆದಾಯ ಏರಿತು' ಅಂತ ಬರೆದರೆ ನಗೆಪಾಟಲು. ಚುನಾವಣಾ ಖರ್ಚಿನ ಲೆಕ್ಕವನ್ನೂ ನೋಡಿದೆ. 2018ಕ್ಕೆ ಮಿತಿ 28 ಲಕ್ಷ, 2021ಕ್ಕೆ 30.80 ಲಕ್ಷ, 2023ಕ್ಕೆ 40 ಲಕ್ಷ. ಆ ಲೆಕ್ಕಪತ್ರ ಓದಿ ನಕ್ಕು ಎತ್ತಿಟ್ಟೆ.

ಇದೇ ಪಟ್ಟಿಯನ್ನು ಬೇರೆ ಕಡೆ ಹಚ್ಚಲು ಹೋಗುವವರಿಗೆ ಒಂದು ಮಾತು. ಕುಷ್ಟಗಿಯಲ್ಲಿ ಇದು ನಡೆಯಲ್ಲ. ಅಲ್ಲಿ 2008ರಿಂದ ಅಮರೇಗೌಡ ಬಯ್ಯಾಪುರ, ದೊಡ್ಡನಗೌಡ ಪಾಟೀಲ ಪಾಳಿ ಹಚ್ಚಿದಂತೆ ಗೆಲ್ಲುತ್ತಿದ್ದಾರೆ, ಗುರುತೂ ಬದಲಾಗಿಲ್ಲ. ಬೇರೆ ಮಾಡಲು ಏನೂ ಇಲ್ಲ. ಬಿ. ನಾಗೇಂದ್ರ ಅವರದು ಕೂಡ್ಲಿಗಿಯಿಂದ ಬಳ್ಳಾರಿ ಗ್ರಾಮೀಣಕ್ಕೆ ಬಂದ ಕಥೆ, ಊರೇ ಬೇರೆಯಾದರೆ ಪಟ್ಟಿ ಕೂಡಲ್ಲ. 2011ರ ಬಳ್ಳಾರಿ ಗ್ರಾಮೀಣ ಉಪಚುನಾವಣೆ ಮಾತ್ರ ಒಳ್ಳೆ ಸರಕು. ಶ್ರೀರಾಮುಲು ಬಿಜೆಪಿ ಬಿಟ್ಟು ಪಕ್ಷೇತರರಾಗಿ ನಿಂತು 40 ಸಾವಿರಕ್ಕೂ ಜಾಸ್ತಿ ಲೀಡಿನಲ್ಲಿ ಗೆದ್ದರು, ಕಮಲ ಮೂರನೇ ಜಾಗಕ್ಕೆ ಹೋಯಿತು. ಅಲ್ಲಿ ಪೂರ್ತಿ ಹೆಸರು. ಬಳ್ಳಾರಿಯ ಮಿತ್ರರು ಯಾರಾದರೂ ಕೈ ಹಾಕಬೇಕು.

2023ರ ಎಣಿಕೆಗೆ ಮುಂಚೆ ನನ್ನ ಮಿತ್ರರಲ್ಲಿ ಅರ್ಧ ಜನ ತುರ್ವಿಹಾಳರ ಲೀಡ್ 40 ಸಾವಿರ ದಾಟುತ್ತದೆ ಅಂದರು, ಇನ್ನರ್ಧ ಪ್ರತಾಪಗೌಡರು ತಿರುಗಿ ಬರುತ್ತಾರೆ ಅಂದರು. ನಾನು 10ರಿಂದ 15 ಸಾವಿರ ಅಂತ ಚೀಟಿ ಬರೆದು ಹೋಟೆಲ್ ಮಾಲೀಕರ ಗಲ್ಲಾದಲ್ಲಿ ಇಟ್ಟೆ. ಕೆಂಪು ಚುಕ್ಕೆಯ ಊರುಗಳಲ್ಲಿ ಅರ್ಧದಷ್ಟು ತಣ್ಣಗಾಗಿವೆ ಅಂತ ನನ್ನ ಅಂದಾಜು. ಬಂದದ್ದು 13 ಸಾವಿರ. ಅವತ್ತಿಂದ ಚಹಾದ ದುಡ್ಡು ಅವರೇ ಕೊಡುತ್ತಾರೆ.

ದುಡ್ಡಿನ ಲೆಕ್ಕ ಕೇಳುವವರಿಗೆ: ಎಲ್ಲ ಸೇರಿ 22-25 ಸಾವಿರ ಹೋಗಿದೆ. ಜೆರಾಕ್ಸ್ ನನ್ನದೇ ಅಂಗಡಿ, ಇಲ್ಲದಿದ್ದರೆ ಇನ್ನೂ 5 ಸಾವಿರ. ಪಕ್ಕದ ಕ್ಷೇತ್ರದ ಟಿಕೆಟ್ ಆಕಾಂಕ್ಷಿಯೊಬ್ಬರು ಅವರ ಕ್ಷೇತ್ರಕ್ಕೂ ಇಂಥದ್ದೇ ಮಾಡಿಸಿಕೊಂಡು, ಬಣ್ಣದ ಪ್ರಿಂಟ್ ಒಯ್ದು, ಟಿಕೆಟ್ ಸಿಗದೆ ಫೋನ್ ಎತ್ತುವುದನ್ನೇ ಬಿಟ್ಟರು. 15 ಸಾವಿರ ಬಾಕಿ. ಹಾಗಾಗಿ ಈಗ ಮುಂಗಡ ಇಲ್ಲದೆ ಯಾರಿಗೂ ಫೈಲ್ ತೆರೆಯಲ್ಲ. ವರದಿಗಾರ ಮಿತ್ರರಿಗೆ ಪುಕ್ಕಟೆ, ಆದರೆ ಅಂಗಡಿಯಲ್ಲೇ ಕೂತು ನೋಡಬೇಕು, ಪೆನ್ ಡ್ರೈವ್ ತರುವ ಹಾಗಿಲ್ಲ. ಈಗ 2024ರ ಲೋಕಸಭೆಯ ಮಸ್ಕಿ ಹಾಳೆಗಳನ್ನು ಏರಿಸುತ್ತಿದ್ದೇನೆ, ಮುಕ್ಕಾಲು ಭಾಗ ಮುಗಿದಿದೆ.