ರಾಕೆಟ್ ಕಂಪನಿಯದು, ಸಹಿ ನಮ್ಮದು

ಅಮೆರಿಕದ ವಾಯುಪಡೆಯಲ್ಲಿ ಉಡಾವಣಾ ಎಂಜಿನಿಯರ್ ಆಗಿದ್ದೆ ಅಂದರೆ, ರಾಕೆಟ್ ಕಟ್ಟುತ್ತಿದ್ದೆ ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಅಷ್ಟು ವರ್ಷದಲ್ಲಿ ನಾನು ಒಂದು ಬೋಲ್ಟ್ ಕೂಡ ಬಿಗಿ ಮಾಡಿಲ್ಲ. ರಾಕೆಟ್ ಅದನ್ನು ಕಟ್ಟುವ ಖಾಸಗಿ ಕಂಪನಿಯದು, ಕೈಕೆಲಸ ಕಂಪನಿಯ ಟೆಕ್ನಿಷಿಯನ್‌ಗಳದು. ನಾವು ಪಕ್ಕದಲ್ಲಿ ನಿಂತು ನೋಡಬೇಕು, ಕಾಗದ ಓದಬೇಕು, ಪ್ರಶ್ನೆ ಕೇಳಬೇಕು. ಕೊನೆಗೆ ‘ಹಾರಿಸಬಹುದು’ ಅಂತ ಸಹಿ ಹಾಕಬೇಕು, ಇಲ್ಲವೇ ಪೆನ್ನು ಜೇಬಿಗೆ ಹಾಕಿಕೊಳ್ಳಬೇಕು. ಸುಲಭ ಅನ್ನಿಸುತ್ತೆ, ಅಲ್ವಾ?

ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅಮ್ಮನ ಜೊತೆ ಮೈಸೂರಿನಿಂದ ಹೋದವನು ನಾನು. ಅಲ್ಲಿ ಅಧಿಕಾರಿಯಾಗಲು ಪೌರತ್ವ ಬೇಕೇ ಬೇಕು. ಅದು ಸಿಕ್ಕ ಮೇಲೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಜೊತೆಗೇ ಆರ್‌ಓಟಿಸಿ ಸೇರಿದೆ. ನೋಡಲು ನಮ್ಮ ಎನ್‌ಸಿಸಿ ಥರವೇ, ಆದರೆ ಪದವಿಯ ಜೊತೆ ಅದನ್ನೂ ಮುಗಿಸಿದರೆ ಸೆಕೆಂಡ್ ಲೆಫ್ಟಿನೆಂಟ್. ಓದಿಗಿಂತ ಜಾಸ್ತಿ ತಲೆ ತಿಂದಿದ್ದು ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿಯ ಅರ್ಜಿ. ಹೊರದೇಶದಲ್ಲಿ ಒಡನಾಟ ಇಟ್ಟುಕೊಂಡವರನ್ನೆಲ್ಲ ಬರೆಯಬೇಕು. ಅಮ್ಮ ಮೈಸೂರಿಗೆ ಫೋನ್ ಮಾಡಿ ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ ಅಂತ ಒಬ್ಬೊಬ್ಬರ ಹುಟ್ಟಿದ ತಾರೀಕು ಕೇಳಿದರೆ, ‘ಏನೇ, ಈ ವಯಸ್ಸಲ್ಲಿ ನನ್ನ ಜಾತಕ ಬರೆಸ್ತೀಯಾ?’ ಅಂತ ದೊಡ್ಡಮ್ಮ ನಗುತ್ತಿದ್ದರು.

ಮೊದಲ ಪೋಸ್ಟಿಂಗ್ ಫ್ಲಾರಿಡಾದ ಕೇಪ್ ಕೆನವೆರಲ್. ಡೆಲ್ಟಾ 2 ರಾಕೆಟ್, ಅದರ ತಲೆಯಲ್ಲಿ ಜಿಪಿಎಸ್ ಉಪಗ್ರಹ. ನಾನು ಹೋಗುವ ಮೊದಲೇ, 1997ರ ಜನವರಿ 17ರಂದು, ಅಲ್ಲಿ ಒಂದು ಡೆಲ್ಟಾ 2 ಹಾರಿದ 13 ಸೆಕೆಂಡಿಗೇ ಸಿಡಿದಿತ್ತು. ಬದಿಗೆ ಕಟ್ಟಿದ್ದ ಘನ ಇಂಧನದ ಬೂಸ್ಟರುಗಳಲ್ಲಿ ಒಂದರ ಕವಚ ಸೀಳಿತ್ತು. ಉರಿಯುವ ತುಂಡುಗಳು ಉಡಾವಣಾ ಪ್ಯಾಡ್ ಸುತ್ತ ಮಳೆಯಂತೆ ಬಿದ್ದು, ನಿಲ್ಲಿಸಿದ್ದ ಕಾರುಗಳು ಸುಟ್ಟುಹೋದವು. ಪಕ್ಕದ ಕಾಂಕ್ರೀಟ್ ಬ್ಲಾಕ್‌ಹೌಸ್‌ನಲ್ಲಿ, ಅಂದರೆ ಉಡಾವಣೆ ನಿಯಂತ್ರಿಸುವ ಕಟ್ಟಡದಲ್ಲಿ, ಕೂತಿದ್ದವರು ಹೇಗೋ ಪಾರಾದರು. ಆಮೇಲೆ ಕೌಂಟ್‌ಡೌನ್ ನಡೆಸುವವರನ್ನು ದೂರದ ಕಟ್ಟಡಕ್ಕೆ ಕಳಿಸಿದರು. ನನಗೆ ಕೆಲಸ ಕಲಿಸಿದ್ದು ಆ ದಿನವನ್ನು ಕಣ್ಣಾರೆ ಕಂಡ ಜನ. ಬೂಸ್ಟರಿಗೆ ಏನೋ ತಾಗಿರಬಹುದು ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಹರಟೆ ನಿಂತು ಫೈಲ್ ಹೊರಗೆ ಬರುತ್ತಿತ್ತು.

ಒಂದು ರಾಕೆಟ್‌ಗೆ ಅಂಥ ಬೂಸ್ಟರ್ ಒಂಬತ್ತು. ಆರು ನೆಲದ ಮೇಲೇ ಹೊತ್ತಿಕೊಳ್ಳುತ್ತವೆ, ಉಳಿದ ಮೂರು ಸುಮಾರು ಒಂದು ನಿಮಿಷದ ನಂತರ ಗಾಳಿಯಲ್ಲಿ. ಪ್ರತಿಯೊಂದಕ್ಕೂ ಅದರದೇ ಕಾಗದ. ಎಂದು ತಯಾರಾಯಿತು, ಹೇಗೆ ಸಾಗಿಸಿದರು, ಕ್ರೇನಿನಲ್ಲಿ ಯಾವಾಗ ಎತ್ತಿದರು, ಪರೀಕ್ಷೆಯಲ್ಲಿ ಏನು ಕಂಡಿತು. ಹೊಸ ಲೆಫ್ಟಿನೆಂಟ್‌ಗೆ ಇದನ್ನೆಲ್ಲ ಓದಿದರೆ ಅರ್ಧ ಅರ್ಥವಾಗಲ್ಲ. ಅದಕ್ಕೆ ನಾನು ಒಂದೇ ಪ್ರಶ್ನೆ ಹಿಡಿದುಕೊಂಡೆ: ‘ಹೋದ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ? ಯಾಕೆ?’ ಪೆದ್ದು ಪ್ರಶ್ನೆ ಥರ ಕೇಳಿಸುತ್ತೆ. ಆದರೆ ಉತ್ತರ ಬರಲು ತಡವಾಯಿತು ಅಂದರೆ, ಅಲ್ಲಿ ನೋಡಬೇಕಾದ್ದು ಇದೆ ಅಂತಲೇ.

ಕೆಲಸ ನಡೆಯುವ ರೀತಿ ಹೇಳಬೇಕು. ಒಬ್ಬ ಟೆಕ್ನಿಷಿಯನ್ ಪುಸ್ತಕ ಹಿಡಿದು ಜೋರಾಗಿ ಒಂದು ಹೆಜ್ಜೆ ಓದುತ್ತಾನೆ. ಇನ್ನೊಬ್ಬ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ತಿರುಗಿಸುತ್ತಾನೆ, ‘ಟಿಕ್’ ಅನ್ನುತ್ತೆ. ಇನ್‌ಸ್ಪೆಕ್ಟರ್ ಬಗ್ಗಿ ನೋಡಿ ಆ ಸಾಲಿನ ಪಕ್ಕ ತನ್ನ ಮುದ್ರೆ ಒತ್ತುತ್ತಾನೆ. ಆಮೇಲೇ ಮುಂದಿನ ಸಾಲು. ಇದನ್ನು ನಾನು ಹುಟ್ಟುವ ಮೊದಲಿಂದ ಮಾಡುತ್ತಿದ್ದವರು ಅಲ್ಲಿದ್ದರು. ನಾವೋ, ಕೆಲವು ವರ್ಷಕ್ಕೊಮ್ಮೆ ಎತ್ತಂಗಡಿ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಗಂಟುಮೂಟೆ ಕಟ್ಟಬೇಕು. ಈ ಪದ್ಧತಿ ಉಡಾವಣೆಗೆ ಹೊಂದಲ್ಲ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತೆ. ನಮ್ಮ ಜಾಗಕ್ಕೆ ಬರುವವರಿಗೆ ಒಂದು ದಪ್ಪ ಫೈಲ್ ಬಿಟ್ಟುಹೋಗುವ ರೂಢಿ ಇದೆ, ನಿಜ. ಬಹಳಷ್ಟು ಸಲ ಅದರಲ್ಲಿ ಹಳೇ ಮೀಟಿಂಗ್ ಟಿಪ್ಪಣಿಗಳೇ ಜಾಸ್ತಿ. ನನ್ನದರಲ್ಲಿ ಯಾವ ಸಂದೇಹಕ್ಕೆ ಯಾವ ಟೆಕ್ನಿಷಿಯನ್‌ನ ಕೇಳಬೇಕು ಅಂತ ಬರೆದಿಟ್ಟೆ. ಉಳಿದಿದ್ದನ್ನು ಅವರೇ ಹೇಳಿಕೊಡುತ್ತಾರೆ.

ಉಡಾವಣೆಯ ದಿನ ನಮ್ಮನ್ನು ಆಳುವುದು ಆಕಾಶ. ಮೇಲಿನ ಗಾಳಿ ಅಳೆಯಲು ಬಲೂನ್ ಮೇಲೆ ಬಲೂನ್ ಬಿಡುತ್ತಾರೆ. ಹಾರುವ ದಾರಿಯ 10 ನಾಟಿಕಲ್ ಮೈಲಿಯೊಳಗೆ ಮಿಂಚಿದರೆ 30 ನಿಮಿಷ ಸುಮ್ನೆ ಕೂರಬೇಕು. 1987ರ ಮಾರ್ಚ್‌ನಲ್ಲಿ ಮೋಡದೊಳಗೆ ನುಗ್ಗಿದ ಒಂದು ಅಟ್ಲಾಸ್-ಸೆಂಟಾರ್ ರಾಕೆಟ್ ತಾನೇ ಸಿಡಿಲನ್ನು ಎಳೆದುಕೊಂಡು ನಾಶವಾದಾಗಿನಿಂದ ಈ ವಿಷಯದಲ್ಲಿ ರಾಜಿ ಇಲ್ಲ.

ಆಮೇಲೆ ಒಹಾಯೋದ ಡೇಟನ್‌ನಲ್ಲಿ ವಾಯುಪಡೆಯದೇ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ, ಅಲ್ಲಿಂದ ಲಾಸ್ ಏಂಜಲೀಸ್‌ನ ನೆಲೆ. ಅಲ್ಲಿ ರಾಕೆಟ್ ವಾಸನೆಯೂ ಇಲ್ಲ, ಬರೀ ಗುತ್ತಿಗೆ, ಹಣ, ಸ್ಲೈಡು. ಬಡ್ತಿ ಬೇಕಾದರೆ ಅಲ್ಲಿಗೆ ಹೋಗಲೇಬೇಕು.

ಈಗ ಆ ಕೆಲಸವೆಲ್ಲ 2019ರ ಡಿಸೆಂಬರ್‌ನಲ್ಲಿ ಹುಟ್ಟಿದ ಸ್ಪೇಸ್ ಫೋರ್ಸ್, ಅಂದರೆ ಅಮೆರಿಕದ ಬಾಹ್ಯಾಕಾಶ ಪಡೆಯದು. 2021ರ ಜೂನ್‌ನಲ್ಲಿ ಅವರು ಒಂದು ಸಲ ಹಾರಿಬಂದ ಫಾಲ್ಕನ್ 9 ರಾಕೆಟ್‌ನ ಬೂಸ್ಟರಿನ (ಇಲ್ಲಿ ಬೂಸ್ಟರ್ ಅಂದರೆ ಅದರ ಕೆಳಗಿನ ಹಂತವೇ) ಮೇಲೇ ಜಿಪಿಎಸ್ ಉಪಗ್ರಹ ಕಳಿಸಿದರು. ನನ್ನ ಕಾಲದಲ್ಲಿ ಬೂಸ್ಟರ್ ಕಾಗದ ಕಾರ್ಖಾನೆಯಿಂದ ಪ್ಯಾಡ್‌ವರೆಗೆ ಮುಗಿಯುತ್ತಿತ್ತು. ಈಗಿನ ಲೆಫ್ಟಿನೆಂಟ್‌ಗಳು ಹಿಂದಿನ ಹಾರಾಟದಲ್ಲಿ ಅದಕ್ಕೆ ಬಿದ್ದ ಬಿಸಿ, ಅದುರಾಟ, ಆಮೇಲೆ ಬದಲಿಸಿದ ಭಾಗ, ಎಲ್ಲವನ್ನೂ ಓದಿ ಸಹಿ ಹಾಕಬೇಕು. ಫೈಲ್ ಇನ್ನೂ ದಪ್ಪ ಆಗಿದೆ.