ಷಡ್ಡಕರಿಗೆ ಬಂದ ಆಯುಧ ಪೂಜೆ ಆಫರ್

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಯೂನಿಟ್. ಜಿಗ್, ಫಿಕ್ಸ್ಚರ್, ಅಂದರೆ ಮಷೀನಿನಲ್ಲಿ ಪೀಸನ್ನು ಹಿಡಿದಿಡುವ ಸಲಕರಣೆ, ಮಾಡಿಕೊಡುತ್ತೇವೆ, ಒಟ್ಟು 14 ಜನ. 2024ರ ಆಯುಧ ಪೂಜೆಯ ಹಿಂದಿನ ದಿನ ತುಮಕೂರಿನಿಂದ ನನ್ನ ಷಡ್ಡಕರು ಫೋನ್ ಮಾಡಿದರು. ಅವರು ಶಾಲೆ ಮೇಷ್ಟ್ರು. "ಏನ್ರೀ, ಫಿಕ್ಸ್ಚರ್ ಮೇಲೆ ಡಿಸ್ಕೌಂಟ್ ಅಂತೆ, ನನಗ್ಯಾಕೆ ಮೆಸೇಜ್ ಬಂತು?" ಅಂತ ನಕ್ಕರು.

ನನಗೆ ನಗು ಬರಲಿಲ್ಲ. ಆಫೀಸಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದ ದಿನ, ಸರಿಯಾಗಿ ಓಡುತ್ತದಾ ನೋಡೋಣ ಅಂತ ಒಂದು ಸುಳ್ಳು ಟ್ರೇಡರ್ಸ್ ಹೆಸರು ಬರೆದು ಅದಕ್ಕೆ ಅವರ ನಂಬರ್ ಹಾಕಿದ್ದವನು ನಾನೇ. ಆಮೇಲೆ ತೆಗೆಯೋದು ಮರೆತಿದ್ದೆ. ಮೆಸೇಜ್ ಬಂದಿದ್ದು ಆ ಸುಳ್ಳು ಹೆಸರಿಗೆ, ಅಂದರೆ ನಮ್ಮ ಗಿರಾಕಿ ಪಟ್ಟಿಯೇ ಹೊರಗೆ ಹೋಗಿತ್ತು. ಕಳಿಸಿದವನು ಎರಡು ತಿಂಗಳ ಹಿಂದೆ ನಮ್ಮಲ್ಲಿ ಬಿಟ್ಟು ಬೇರೆ ಕಡೆ ಸೇರಿದ್ದ ಮಾರ್ಕೆಟಿಂಗ್ ಹುಡುಗ.

ತಕ್ಷಣ ಫೋನ್ ಮಾಡಿ ಬೈಯೋಣ ಅನ್ನಿಸಿತು. ವಕೀಲರು ಬೇಡವೇ ಬೇಡ ಅಂದರು. ಬೈದರೆ ಅವನು ಎಲ್ಲ ಅಳಿಸಿ ಹಾಕುತ್ತಾನೆ, ಅಷ್ಟೇ. ಅವನು ಬಳಸುತ್ತಿದ್ದ ಲ್ಯಾಪ್‌ಟಾಪ್ ಎಲ್ಲಿ ಅಂತ ಕೇಳಿದರು. ಹೊಸ ಹುಡುಗನಿಗೆ ಕೊಟ್ಟುಬಿಟ್ಟಿದ್ದೆ! ಪುಣ್ಯಕ್ಕೆ ಫಾರ್ಮ್ಯಾಟ್ ಮಾಡಿರಲಿಲ್ಲ. ಅವತ್ತೇ ಆಫ್ ಮಾಡಿಸಿ, ಕವರಿಗೆ ಹಾಕಿ, ಸೀಲ್ ಮಾಡಿ, ಫೊರೆನ್ಸಿಕ್ ಕೆಲಸ ಮಾಡುವವರ ಹತ್ತಿರ ಒಯ್ದೆವು. ಅವರು ಡಿಸ್ಕಿನ ಪೂರ್ತಿ ನಕಲು ತೆಗೆದು, ಅದರ ಹ್ಯಾಶ್, ಅಂದರೆ ಆ ನಕಲಿನ ಬೆರಳಚ್ಚಿನಂಥ ಕೋಡ್, ಬರೆದುಕೊಟ್ಟರು. ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ, ಹಾಗಾಗಿ ಆಮೇಲೆ ನೀವೇ ಏನೋ ಸೇರಿಸಿದ್ದೀರಿ ಅಂತ ಯಾರೂ ಹೇಳೋಕಾಗಲ್ಲ. ಆ ನಕಲಿನಲ್ಲಿ ಗೊತ್ತಾಯಿತು, ಹುಡುಗ ಕೆಲಸ ಬಿಡುವ ವಾರ ರಾತ್ರಿ ಪೆನ್‌ಡ್ರೈವ್ ಹಾಕಿ 212 ಡ್ರಾಯಿಂಗ್ ತೆಗೆದುಕೊಂಡಿದ್ದ. ಗಿರಾಕಿಗಳ ಪಟ್ಟಿಯನ್ನು ಆಫೀಸ್ ಮೇಲ್‌ನಿಂದಲೇ ತನ್ನ ಜಿಮೇಲ್‌ಗೆ ಕಳಿಸಿಕೊಂಡಿದ್ದ.

ಒಂದು ವಿಷಯ ಮುಖ್ಯ. ಆ ಲ್ಯಾಪ್‌ಟಾಪಿನಲ್ಲಿ ಅವನ ಸ್ವಂತ ಜಿಮೇಲ್ ತೆರೆದೇ ಇತ್ತು. ಕೈ ತುರಿಸಿತು ನಿಜ. ಆದರೆ ಅನುಮತಿ ಇಲ್ಲದೆ ಅದರೊಳಗೆ ಹೋದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 43ನೇ ಸೆಕ್ಷನ್ ನಮ್ಮ ಮೇಲೇ ತಿರುಗುತ್ತದೆ. ನಮ್ಮ ಆಫೀಸ್ ಇಮೇಲಿನ ಸೆಂಟ್ ಫೋಲ್ಡರ್ ಸಾಕಾಯಿತು.

2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಹಿಂದೆ 65ಬಿ ಅಂತಿದ್ದ ಸರ್ಟಿಫಿಕೇಟ್ ಈಗ 63(4)ರ ಕೆಳಗೆ ಬರುತ್ತದೆ, ಎರಡು ಭಾಗ ಇದೆ. ಒಂದಕ್ಕೆ ನಾನು ಸಹಿ ಹಾಕಿದೆ, ಇನ್ನೊಂದಕ್ಕೆ ತಜ್ಞರು. ಹ್ಯಾಶ್ ಎರಡರಲ್ಲೂ ಬರೆಯಬೇಕು. ಇದಿಲ್ಲದೆ ಬರೀ ಸ್ಕ್ರೀನ್‌ಶಾಟ್ ಹಿಡಿದು ಹೋಗಬೇಡಿ.

ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅಂತ ಆಫರ್ ಲೆಟರಿನಲ್ಲಿ ಬರೆಸಿದ್ದೆ. ಅದರ ಮೇಲೆ ನನಗೆ ಭಾರಿ ನಂಬಿಕೆ ಇತ್ತು. ವಕೀಲರು ಓದಿ ಪಕ್ಕಕ್ಕಿಟ್ಟರು. ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ಮೇಲೆ ಅಂಥ ನಿರ್ಬಂಧ ನಿಲ್ಲೋದಿಲ್ಲ. ಅವನು ಎಲ್ಲಿ ಬೇಕಾದರೂ ಕೆಲಸ ಮಾಡಲಿ, ನಮ್ಮ ಡೇಟಾ ಮಾತ್ರ ಬಳಸಬಾರದು ಅಂತ ಕೇಳೋಣ ಅಂದರು. ಅದೇ ಪತ್ರದ ಗೌಪ್ಯತೆಯ ನಾಲ್ಕು ಸಾಲು ಕೆಲಸಕ್ಕೆ ಬಂತು.

ಪೊಲೀಸ್ ದಾರಿ ನಿಧಾನ. "ಇದು ಸಿವಿಲ್ ಮ್ಯಾಟರ್ ಸರ್" ಅಂತ ಮೊದಲ ದಿನವೇ ವಾಪಸ್ ಕಳಿಸಿದರು. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಅದಕ್ಕೆ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಿ ಇನ್‌ಸ್ಪೆಕ್ಟರ್ ಕೈಗೇ ಬರೆದ ದೂರು, ಫೊರೆನ್ಸಿಕ್ ವರದಿ ಕೊಟ್ಟೆವು. ಅನುಮತಿ ಇಲ್ಲದೆ ಡೇಟಾ ನಕಲು ಮಾಡಿದ್ದಕ್ಕೆ 43(ಬಿ) ಜೊತೆ 66ರಲ್ಲಿ ಎಫ್‌ಐಆರ್ ಆಯಿತು. ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಆದರೆ ಜಾಮೀನು ಸಿಗುವ ಅಪರಾಧ. ನಾಳೆಯೇ ಒಳಗೆ ಹಾಕ್ತಾರೆ ಅಂತ ಕಾಯಬೇಡಿ.

ನಿಜವಾಗಿ ಕೈ ಹಿಡಿದಿದ್ದು ಸಿಟಿ ಸಿವಿಲ್ ಕೋರ್ಟ್. ಅವನ ಮೇಲೂ ಹೊಸ ಕಂಪನಿ ಮೇಲೂ ದಾವೆ ಹಾಕಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 39ರಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಿದೆವು. ಗಿರಾಕಿಗಳ ಹೆಸರು ಇಂಟರ್ನೆಟ್ಟಿನಲ್ಲೇ ಸಿಗುತ್ತದಲ್ಲ, ಇದರಲ್ಲಿ ಗುಟ್ಟೇನಿದೆ ಅಂತ ಜಡ್ಜ್ ಕೇಳಿದರು. ನ್ಯಾಯವಾದ ಪ್ರಶ್ನೆ. ಹೆಸರು ಗುಟ್ಟಲ್ಲ, ಯಾರಿಗೆ ಯಾವ ರೇಟು, ಎಷ್ಟು ದಿನ ಸಾಲ, ಯಾವ ಪೀಸ್ ಎಷ್ಟು ತಿಂಗಳಿಗೊಮ್ಮೆ ಸವೆಯುತ್ತದೆ, ಅದು ಗುಟ್ಟು. ನಾವು ಆ ಕಾಲಂಗಳನ್ನೇ ಮುಚ್ಚಿದ ಲಕೋಟೆಯಲ್ಲಿ ಕೊಟ್ಟೆವು. ಕಷ್ಟಪಟ್ಟು ಜೋಡಿಸಿದ ಗಿರಾಕಿ ಪಟ್ಟಿಗೂ ಕಾಪಿರೈಟ್ ಇದೆ ಅಂತ ದೆಹಲಿ ಹೈಕೋರ್ಟ್ 1995ರ ಬರ್ಲಿಂಗ್ಟನ್ ಹೋಮ್ ಶಾಪಿಂಗ್ ಕೇಸಿನಲ್ಲಿ ಹೇಳಿದ್ದನ್ನೂ ವಕೀಲರು ತೋರಿಸಿದರು. ಜಡ್ಜ್ ಆಮೇಲೆ ಎರಡು ಸಲ ಓದಿದ್ದು ಮಾತ್ರ, ಆ ಸುಳ್ಳು ಹೆಸರಿಗೆ ತಮಗೆ ಮೆಸೇಜ್ ಬಂತು ಅಂತ ಷಡ್ಡಕ ಮೇಷ್ಟ್ರು ಕೊಟ್ಟಿದ್ದ ಅಫಿಡವಿಟ್.

ಎದುರು ಪಾರ್ಟಿಯನ್ನು ಕೇಳದೆಯೇ ಆದೇಶ ಸಿಕ್ಕಿತು. ಹೀಗೆ ಸಿಕ್ಕರೆ ದಾವೆಯ ಪ್ರತಿ, ದಾಖಲೆ ಎಲ್ಲ ತಕ್ಷಣ ಅವರಿಗೆ ಕಳಿಸಿ, ಕಳಿಸಿದ್ದೇವೆ ಅಂತ ಅವತ್ತೇ ಅಥವಾ ಮಾರನೇ ದಿನ ಅಫಿಡವಿಟ್ ಹಾಕಬೇಕು. ನಮ್ಮ ಗುಮಾಸ್ತರು ಸಂಜೆ ಅಂಚೆ ಕಚೇರಿ ಬಾಗಿಲು ಹಾಕೋ ಹೊತ್ತಿಗೆ ಓಡಿದರು.

ಪರಿಹಾರ ಬೇಕಿದ್ದರೆ ಐಟಿ ಕಾಯ್ದೆಯಲ್ಲೇ ಅಡ್ಜುಡಿಕೇಟಿಂಗ್ ಆಫೀಸರ್ ಇದ್ದಾರೆ, 5 ಕೋಟಿವರೆಗಿನ ಕ್ಲೇಮ್ ಕೇಳುತ್ತಾರೆ. ನಾವು ಹೋಗಲಿಲ್ಲ. ಎಷ್ಟು ನಷ್ಟ ಆಯಿತು ಅಂತ ಲೆಕ್ಕ ತೋರಿಸೋಕೆ ನನ್ನ ಹತ್ತಿರ ಗಟ್ಟಿ ಕಾಗದ ಇರಲಿಲ್ಲ.

ಕೊನೆಗೆ ಸಿವಿಲ್ ಕೇಸು ಮೀಡಿಯೇಶನ್‌ನಲ್ಲಿ ನಾಲ್ಕನೇ ಸಿಟ್ಟಿಂಗಿಗೆ ರಾಜಿಯಾಯಿತು. ಫೈಲ್ ಅಳಿಸಿದ್ದಕ್ಕೆ ಇಬ್ಬರೂ ಅಫಿಡವಿಟ್ ಕೊಟ್ಟರು, ಖರ್ಚಿಗೆ ಅಂತ 1.75 ಲಕ್ಷ ಬಂತು. ವಕೀಲರ ಫೀಸು, ಫೊರೆನ್ಸಿಕ್ ಸೇರಿ ನನ್ನ ಕೈಯಿಂದ ಹೋಗಿದ್ದು ಅದಕ್ಕಿಂತ ಜಾಸ್ತಿ. ಎರಡು ಗಿರಾಕಿಗಳು ಇನ್ನೂ ವಾಪಸ್ ಬಂದಿಲ್ಲ.

ಷಡ್ಡಕರ ನಂಬರನ್ನು ಪಟ್ಟಿಯಿಂದ ತೆಗೆದಿಲ್ಲ. ಈಗ ನಮ್ಮತ್ತೆಯ ನಂಬರೂ ಸೇರಿಸಿದ್ದೇನೆ, ಬೇರೆ ಟ್ರೇಡರ್ಸ್ ಹೆಸರಿನಲ್ಲಿ.