ನೆಟ್ ಬೇಡ, ಹಾಡು ಸಾಕು: ಮ್ಯೂಸಿಕ್ ಪ್ಲೇಯರ್ ಆರಿಸುವುದು ಹೇಗೆ?

ಫೋನಿನಲ್ಲಿ ಹಾಡು ಕೇಳಲು ಕೂತರೆ ಹಾಡೊಂದು ಬಿಟ್ಟು ಉಳಿದೆಲ್ಲ ನಡೆಯುತ್ತದೆ. ಪಲ್ಲವಿ ಮುಗಿಯುವ ಮೊದಲೇ ವಾಟ್ಸ್ಆ್ಯಪ್ ಟಣ್ ಅನ್ನುತ್ತದೆ. ಅನುಪಲ್ಲವಿ ಹೊತ್ತಿಗೆ ಕೊರಿಯರ್‌ನವನ ಓಟಿಪಿ ಬರುತ್ತದೆ. ಚರಣ ಬರುವಷ್ಟರಲ್ಲಿ ನೀವು ಯಾರದೋ ಮದುವೆಯ ರೀಲ್ಸ್ ನೋಡುತ್ತಿರುತ್ತೀರಿ. ಇದು ಬೇಡ ಅನ್ನಿಸಿದವರಿಗೆ ಒಂದು ದಾರಿ ಇದೆ. ಹಾಡು ಕೇಳುವುದಕ್ಕೆಂದೇ ಬೇರೆ ಒಂದು ಸಣ್ಣ ಯಂತ್ರ. ಅದಕ್ಕೆ ಸಿಮ್ ಇಲ್ಲ, ವೈಫೈ ಇಲ್ಲ, ಯಾರೂ ಅದಕ್ಕೆ ಮೆಸೇಜ್ ಕಳಿಸುವುದಿಲ್ಲ.

ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮಾಡೆಲ್ ಹೆಸರಿನಿಂದ ಹುಡುಕಾಟ ಶುರು ಮಾಡುತ್ತಾರೆ. ಉಲ್ಟಾ ಮಾಡಿ. ಮೊದಲು ಹಾಡು, ಆಮೇಲೆ ಮೆಮೊರಿ ಕಾರ್ಡ್, ಕಟ್ಟಕಡೆಗೆ ಪ್ಲೇಯರ್. ಈ ಕ್ರಮದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ, ಕೊಂಡದ್ದು ಡ್ರಾಯರ್ ಸೇರುವುದೂ ತಪ್ಪುತ್ತದೆ.

ಹಾಡು ನಿಮ್ಮ ಕೈಯಲ್ಲಿದೆಯೇ?

ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡು ನಿಮ್ಮದಲ್ಲ. ಸ್ಪಾಟಿಫೈಯನ್ನೇ ತೆಗೆದುಕೊಳ್ಳಿ. ಚಂದಾ ಕಟ್ಟಿ ಇಳಿಸಿಕೊಂಡ ಹಾಡುಗಳು ಉಳಿಯಬೇಕಾದರೆ 30 ದಿನಕ್ಕೆ ಒಮ್ಮೆಯಾದರೂ ಆನ್‌ಲೈನ್ ಹೋಗಲೇಬೇಕು. ಆ ಫೈಲಿಗೆ ಬೀಗ ಹಾಕಿರುತ್ತಾರೆ, ಬೇರೆ ಪ್ಲೇಯರ್‌ಗೆ ಕಾಪಿ ಮಾಡಿದರೂ ಅದು ಹಾಡುವುದಿಲ್ಲ. ಹಾಗಾಗಿ ನಿಮಗೆ ಬೇಕಿರುವುದು ಬೀಗವಿಲ್ಲದ ಎಂಪಿ3 ಅಥವಾ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲುಗಳು.

ಇವು ಎಲ್ಲಿ ಸಿಗುತ್ತವೆ? ಮನೆಯ ಅಟ್ಟದಲ್ಲಿ ಹಳೆಯ ಸಿಡಿಗಳಿದ್ದರೆ ಅಲ್ಲಿಂದಲೇ ಶುರು ಮಾಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ, ಆದರೆ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಸಿಗುತ್ತದೆ. ಸಿಡಿಯ ಹಾಡನ್ನು ಫೈಲಾಗಿ ಇಳಿಸುವ 'ಎಕ್ಸಾಕ್ಟ್ ಆಡಿಯೊ ಕಾಪಿ' ಎಂಬ ತಂತ್ರಾಂಶ ಮನೆಬಳಕೆಗೆ ಉಚಿತ. ಗೀರು ಬಿದ್ದ ಸಿಡಿಯನ್ನೂ ಅದು ತಾಳ್ಮೆಯಿಂದ ಓದುತ್ತದೆ. ಕ್ಯಾಸೆಟ್ ಇದ್ದರೆ ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನಲ್ಲಿ ಹೊರಗಿನ ದನಿ ಒಳಬರುವ ತೂತಾದ ಲೈನ್ ಇನ್‌ಗೆ ವೈರ್ ಎಳೆದು 'ಆಡಾಸಿಟಿ' ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಬಹುದು. ಇದಕ್ಕೆ ಅಡ್ಡದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೇ ಬೇಕು. ಹೊಸ ಸ್ವತಂತ್ರ ಕಲಾವಿದರ ಹಾಡುಗಳನ್ನು ಬ್ಯಾಂಡ್‌ಕ್ಯಾಂಪ್‌ನಂಥ ಜಾಲತಾಣದಲ್ಲಿ ದುಡ್ಡು ಕೊಟ್ಟು ಫೈಲಾಗಿಯೇ ಕೊಳ್ಳಬಹುದು.

ಬಸ್ ಸ್ಟ್ಯಾಂಡ್ ಪಕ್ಕದ ರೀಚಾರ್ಜ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು 'ಹಾಡು ತುಂಬಿಸಿ' ಅನ್ನುವ ರೂಢಿ ನಮ್ಮಲ್ಲಿ ಇತ್ತಲ್ಲ, ಅದು ಕಾನೂನಿಗೆ ಒಪ್ಪುವಂಥದ್ದಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅದೂ ಅಲ್ಲದೆ ಅಲ್ಲಿ ಸಿಗುತ್ತಿದ್ದ ಹಾಡುಗಳ ಗುಣಮಟ್ಟ, ನಿಜ ಹೇಳಬೇಕೆಂದರೆ, ಕೇಳುವ ಹಾಗಿರಲಿಲ್ಲ.

ನೀವು ಕೇಳುವುದು ಏನು?

ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಸೌಲಭ್ಯ ಬೇಕೇ ಬೇಕು, ಯಾವುದು ಸುಮ್ನೆ ಅನ್ನುವುದನ್ನು ನಿಮ್ಮ ಹಾಡುಗಳೇ ಹೇಳುತ್ತವೆ.

ಸಿನಿಮಾ ಹಾಡು, ಭಾವಗೀತೆ ಕೇಳುವವರಿಗೆ ದೊಡ್ಡ ಬೇಡಿಕೆಗಳಿಲ್ಲ. ಒಂದೇ ಒಂದು ತೊಂದರೆ ಉಂಟು. 1960ರ ದಶಕದ ಹಾಡಿನ ದನಿ ಸಣ್ಣಗಿರುತ್ತದೆ, ಈಚಿನ ಹಾಡು ಕಿವಿಗೆ ಅಪ್ಪಳಿಸುತ್ತದೆ. ಎರಡನ್ನೂ ಬೆರೆಸಿ ಕೇಳಿದರೆ ಹಾಡು ಹಾಡಿಗೂ ವಾಲ್ಯೂಮ್ ತಿರುಗಿಸಬೇಕು. 'ರಿಪ್ಲೇ ಗೇನ್' ಇರುವ ಪ್ಲೇಯರ್ ಇದನ್ನು ತಾನೇ ಸರಿದೂಗಿಸುತ್ತದೆ. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶದಿಂದ ಎಲ್ಲ ಹಾಡುಗಳ ದನಿಯನ್ನು ಅಳೆಸಿ ಗುರುತು ಹಾಕಿಸಬೇಕು.

ಶಾಸ್ತ್ರೀಯ ಸಂಗೀತ ಕೇಳುವವರು 'ಗ್ಯಾಪ್‌ಲೆಸ್' ಎಂಬ ಪದ ನೆನಪಿಡಬೇಕು. ಕಛೇರಿಯ ಸಿಡಿಯಲ್ಲಿ ರಾಗ ಒಂದು ಟ್ರ್ಯಾಕ್, ತಾನ ಇನ್ನೊಂದು, ಪಲ್ಲವಿ ಮತ್ತೊಂದು ಎಂದು ಕತ್ತರಿಸಿರುತ್ತಾರೆ. ಹಿಂದೂಸ್ತಾನಿಯಲ್ಲಾದರೆ ವಿಲಂಬಿತ್ ಒಂದು ಕಡೆ, ದ್ರುತ್ ಒಂದು ಕಡೆ. ಹಾಡುವಾಗ ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಗ್ಯಾಪ್‌ಲೆಸ್ ಇಲ್ಲದ ಪ್ಲೇಯರ್‌ನಲ್ಲಿ ಟ್ರ್ಯಾಕ್ ಬದಲಾಗುವ ಆ ಅರೆಕ್ಷಣದಲ್ಲಿ ತಂಬೂರಿಯ ನಾದ ಕತ್ತರಿಸಿದ ಹಾಗೆ ನಿಂತು ಮತ್ತೆ ಶುರುವಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರೋ ಗಂಗೂಬಾಯಿ ಹಾನಗಲ್ಲರೋ ಕಟ್ಟುತ್ತಾ ಬಂದ ರಾಗ ಅಲ್ಲಿಗೆ ಕುಸಿದ ಹಾಗೇ. ಎಂಪಿ3 ಮಾಡುವಾಗ ಫೈಲಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುವುದೂ ಇದಕ್ಕೆ ಒಂದು ಕಾರಣ. ಇಂಥ ಸಿಡಿಗಳನ್ನು ಫ್ಲಾಕ್ ಆಗಿ ಇಳಿಸಿಕೊಳ್ಳುವುದು ಒಳ್ಳೆಯದು.

ತಾಳಮದ್ದಳೆ, ಹರಿಕಥೆ, ಗಮಕ ಕೇಳುವವರದ್ದು ಬೇರೆಯದೇ ಕಥೆ. ಆರು ಗಂಟೆಯ ತಾಳಮದ್ದಳೆ ಒಂದೇ ಫೈಲಿನಲ್ಲಿರುತ್ತದೆ. ನಿನ್ನೆ ರಾತ್ರಿ ಕೃಷ್ಣ ಸಂಧಾನದಲ್ಲಿ ಕೌರವ ಎದ್ದು ನಿಂತ ಕಡೆ ನಿಲ್ಲಿಸಿದ್ದೀರಿ. ಇವತ್ತು ಆನ್ ಮಾಡಿದರೆ ಅಲ್ಲಿಂದಲೇ ಶುರುವಾಗಬೇಕು ಅಲ್ವಾ? ಎಷ್ಟೋ ಅಗ್ಗದ ಪ್ಲೇಯರ್‌ಗಳು ಮತ್ತೆ ಗಣಪತಿ ಸ್ತುತಿಯಿಂದ ಎತ್ತಿಕೊಳ್ಳುತ್ತವೆ. 'ರೆಸ್ಯೂಮ್' ಅಥವಾ 'ಬುಕ್‌ಮಾರ್ಕ್' ಇದೆಯೇ ಎಂದು ಕೇಳಲೇಬೇಕು. ಫಾಸ್ಟ್ ಫಾರ್ವರ್ಡ್ ಗುಂಡಿಯನ್ನು ಒತ್ತಿ ಹಿಡಿದಷ್ಟೂ ಓಟದ ವೇಗ ಹೆಚ್ಚುತ್ತಾ ಹೋದರೆ ಇನ್ನೂ ಅನುಕೂಲ.

ಎಷ್ಟು ಜಾಗ ಬೇಕು?

ಲೆಕ್ಕ ಸುಲಭ. ಕೆಬಿಪಿಎಸ್ ಅಂದರೆ ಒಂದು ಸೆಕೆಂಡಿನ ಹಾಡಿಗೆ ಎಷ್ಟು ಡೇಟಾ ಬಳಸಿದ್ದಾರೆ ಅನ್ನುವ ಅಳತೆ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. 320 ಕೆಬಿಪಿಎಸ್ ಆದರೆ ಸುಮಾರು 2.4 ಎಂಬಿ. ಫ್ಲಾಕ್ ಸಾಮಾನ್ಯವಾಗಿ 5ರಿಂದ 6 ಎಂಬಿ. ಅಂದರೆ 32 ಜಿಬಿ ಕಾರ್ಡಿನಲ್ಲಿ ಐದು ನಿಮಿಷದ 320 ಕೆಬಿಪಿಎಸ್ ಹಾಡುಗಳು ಎರಡೂವರೆ ಸಾವಿರದಷ್ಟು ಹಿಡಿಯುತ್ತವೆ. ತಾಳಮದ್ದಳೆಯಂಥ ಮಾತಿನ ಧ್ವನಿಮುದ್ರಣಕ್ಕೆ 64 ಕೆಬಿಪಿಎಸ್ ಸಾಕು, ಆರು ಗಂಟೆಗೆ 175 ಎಂಬಿ ಒಳಗೇ ಮುಗಿಯುತ್ತದೆ. 

ಹಳೆಯ ಮತ್ತು ಅಗ್ಗದ ಪ್ಲೇಯರ್‌ಗಳು 32 ಜಿಬಿ ವರೆಗಿನ ಕಾರ್ಡ್‌ಗಳನ್ನಷ್ಟೇ ಓದುತ್ತವೆ. ಅದಕ್ಕಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿ ಬರುತ್ತವೆ, ಅದು ಇವಕ್ಕೆ ಅರ್ಥವಾಗುವುದಿಲ್ಲ. ಬಹುಪಾಲು ಜನರಿಗೆ 32 ಜಿಬಿ ಸಾಲದೆ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹತ್ತು ಸಾವಿರ ಹಾಡು ತುಂಬಿಕೊಂಡರೆ ಹಾಡು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಫೋನಿನಲ್ಲಿ ಆಗುತ್ತಿದ್ದದ್ದೂ ಅದೇ.

ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ 1 ಟಿಬಿ ಕಾರ್ಡ್ ಕಂಡರೆ ಕೈ ಹಾಕಬೇಡಿ. ಅದು ಸಣ್ಣ ಕಾರ್ಡ್, ಕಂಪ್ಯೂಟರಿಗೆ ಸುಳ್ಳು ಲೆಕ್ಕ ತೋರಿಸುತ್ತದೆ, ಅಷ್ಟೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಹಾಡುಗಳೆಲ್ಲ ಹಾಳಾಗುತ್ತವೆ. ವಿಂಡೋಸ್‌ನಲ್ಲಿ 'ಎಚ್2ಟೆಸ್ಟ್‌ಡಬ್ಲ್ಯೂ', ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ಎಫ್3' ಎಂಬ ಉಚಿತ ಸಾಧನಗಳಿವೆ. ಹೊಸ ಕಾರ್ಡನ್ನು ಮೊದಲು ಅದರಲ್ಲಿ ಪರೀಕ್ಷೆ ಮಾಡಿ, ಆಮೇಲೆ ಹಾಡು ಹಾಕಿ.

'ನೆಟ್ ಇಲ್ಲ' ಅನ್ನುವುದು ನಿಜವೇ?

ವಾಕ್‌ಮನ್ ಎಂಬ ಹೆಸರು ನೋಡಿ ಮೋಸ ಹೋಗಬೇಡಿ. 1979ರಲ್ಲಿ ಬಂದ ಮೊದಲ ಸೋನಿ ವಾಕ್‌ಮನ್ ಕ್ಯಾಸೆಟ್ ಹಾಡಿಸುವುದಕ್ಕೆಂದೇ ಇದ್ದ ಯಂತ್ರ. ಈಗಿನ ಎನ್‌ಡಬ್ಲ್ಯೂ-ಎ306 ವಾಕ್‌ಮನ್ ಆಂಡ್ರಾಯ್ಡ್‌ನಲ್ಲಿ ನಡೆಯುತ್ತದೆ. ವೈಫೈ ಇದೆ, ಪ್ಲೇ ಸ್ಟೋರ್ ಇದೆ. ದನಿ ಚೆನ್ನಾಗಿರಬಹುದು, ಆದರೆ ಕರೆ ಮಾಡಲು ಬಾರದ ಫೋನನ್ನೇ ಕೊಂಡ ಹಾಗಾಯಿತು. ಡಬ್ಬಿಯ ಮೇಲೆ 'ಆಂಡ್ರಾಯ್ಡ್', 'ವೈಫೈ', 'ಸ್ಟ್ರೀಮಿಂಗ್' ಎಂಬ ಮೂರು ಪದಗಳಲ್ಲಿ ಒಂದು ಕಂಡರೂ ಮುಂದಿನದಕ್ಕೆ ಹೋಗಿ.

ಬ್ಲೂಟೂತ್ ಇದ್ದರೆ ಅಡ್ಡಿಯಿಲ್ಲ, ಅದು ಇಂಟರ್ನೆಟ್ ಅಲ್ಲ. ಆದರೆ ಒಂದು ಸಣ್ಣ ವಿಷಯ. ನಿಮ್ಮ ವೈರ್ ಇಲ್ಲದ ಇಯರ್‌ಬಡ್ ಒಂದೇ ಸಲಕ್ಕೆ ಎರಡು ಸಾಧನಗಳಿಗೆ ಸೇರಿಕೊಳ್ಳುವಂಥದ್ದಾದರೆ, ಪ್ಲೇಯರ್‌ನಲ್ಲಿ ಹಾಡು ಕೇಳುತ್ತಿದ್ದರೂ ಪಕ್ಕದ ಕೋಣೆಯ ಫೋನಿಗೆ ಬಂದ ಕರೆ ಸೀದಾ ಕಿವಿಗೇ ಬರುತ್ತದೆ. ಇಷ್ಟೆಲ್ಲ ಮಾಡಿ ಏನು ಬಂತು? 3.5 ಎಂಎಂ ತೂತಿಗೆ ಸಿಕ್ಕಿಸುವ ವೈರಿನ ಇಯರ್‌ಫೋನೇ ವಾಸಿ. ಪ್ಲೇಯರ್‌ನಲ್ಲಿ ಎಫ್‌ಎಂ ಇದ್ದರೆ ಆ ವೈರೇ ಏರಿಯಲ್ ಆಗುತ್ತದೆ. ಬೆಂಗಳೂರಿನವರು 101.3ರ ರೇನ್‌ಬೋ, 102.9ರ ವಿವಿಧ ಭಾರತಿ ಕೇಳಬೇಕಾದರೆ ವೈರ್ ಸಿಕ್ಕಿಸಲೇಬೇಕು.

ಯಾವ ಬಗೆಯದ್ದು?

ಸಣ್ಣ ಪ್ಲೇಯರ್‌ಗಳು ಮೊದಲ ಆಯ್ಕೆ. ಫಿಯೋ ಕಂಪನಿಯ ಸ್ನೋಸ್ಕೈ ಎಕೋ ಮಿನಿ, ಶಾನ್‌ಲಿಂಗ್‌ನ ಎಂ0 ಪ್ರೊ ಇಂಥವು. ಮೊದಲನೆಯದಕ್ಕೆ ಗುಂಡಿಗಳಿವೆ, ನೋಡಲು ಹಳೆಯ ಕ್ಯಾಸೆಟ್ ಪ್ಲೇಯರ್ ಹಾಗಿದೆ. ಎರಡನೆಯದು ಬೆಂಕಿಪೊಟ್ಟಣದಷ್ಟು ಚಿಕ್ಕದು, ಆದರೆ ಟಚ್ ಸ್ಕ್ರೀನು. ಕಣ್ಣಿಗೆ ಚಾಳೀಸು ಬಂದವರು ಗುಂಡಿಯನ್ನೇ ಆರಿಸಿ.

ಆ್ಯಪಲ್‌ನ ಐಪಾಡ್ 2001ರಲ್ಲಿ ಬಂದು 2022ರಲ್ಲಿ ನಿಂತಿತು. ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಚಕ್ರವಿರುವ ಐಪಾಡ್ ಕ್ಲಾಸಿಕ್ ಕೈಗೆ ಬಲು ಹಿತ. ಒಳಗಿನ ಸಣ್ಣ ಹಾರ್ಡ್ ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಕೂರಿಸುವ ಹುಚ್ಚಿನವರೂ ಇದ್ದಾರೆ. ರಿಪೇರಿಯಲ್ಲಿ ಆಸಕ್ತಿ ಇಲ್ಲದವರಿಗೆ ಇದು ಬೇಡ. ಹಳೆಯ ಬ್ಯಾಟರಿ, ಹಳೆಯ ಅಗಲ ಪಿನ್ನಿನ ಕೇಬಲ್, ಹಾಡು ಹಾಕಲು ಐಟ್ಯೂನ್ಸ್, ಎಲ್ಲವೂ ತಲೆನೋವು. ಐಪಾಡ್ ಟಚ್ ಅಂತೂ ಬೇಡವೇ ಬೇಡ, ಅದರಲ್ಲಿ ವೈಫೈ ಇದೆ.

ಮನೆಯ ಹಿರಿಯರಿಗೆ ಕೊಡುವುದಾದರೆ ಸರೆಗಮ ಕಾರವಾನ್ ನೆನಪಾಗುತ್ತದೆ. 2017ರಲ್ಲಿ ಹಿಂದಿ ಹಾಡುಗಳೊಂದಿಗೆ ಬಂತು, ಆಮೇಲೆ ಕನ್ನಡದ್ದೂ ಬಂತು. ಹಾಡುಗಳು ಒಳಗೇ ಇರುತ್ತವೆ. ಡಯಲ್ ತಿರುಗಿಸಿದರೆ ಸಾಕು. ಅವರು ಕೊಟ್ಟ ಹಾಡುಗಳನ್ನು ಬದಲಿಸಲಾಗದು, ನಿಮ್ಮ ಹಾಡುಗಳಿಗೆ ಪೆನ್‌ಡ್ರೈವ್ ಸಿಕ್ಕಿಸಬೇಕು. ಕಾರವಾನ್‌ನಲ್ಲೂ ವೈಫೈ ಇರುವ ಮಾಡೆಲ್ ಬಂದಿದೆ, ಡಬ್ಬಿ ಓದಿ ಕೊಳ್ಳಿ.

ಖರ್ಚೇ ಬೇಡ ಅನ್ನುವವರಿಗೆ ಹಳೆಯ ಸ್ಮಾರ್ಟ್‌ಫೋನ್ ಇದೆ. ಸಿಮ್ ತೆಗೆಯಿರಿ, ವೈಫೈ ಪಾಸ್‌ವರ್ಡ್ ಮರೆಸಿ, ಏರ್‌ಪ್ಲೇನ್ ಮೋಡ್ ಹಾಕಿ, ಹಾಡು ಹಾಡಿಸುವ ವಿಎಲ್‌ಸಿ ಒಂದನ್ನು ಬಿಟ್ಟು ತೆಗೆಯಬಹುದಾದ ಆ್ಯಪ್‌ಗಳನ್ನೆಲ್ಲ ತೆಗೆಯಿರಿ. ಮನಸ್ಸು ಗಟ್ಟಿ ಇದ್ದವರಿಗೆ ಇದು ನಡೆಯುತ್ತದೆ. ಮೆಮೊರಿ ಕಾರ್ಡ್ ಹಾಕಬಹುದಾದ ಕೀಪ್ಯಾಡ್ ಫೋನ್ ಇದಕ್ಕಿಂತ ಮೇಲು.

ಅಂಗಡಿಯಲ್ಲಿ ಏನು ನೋಡಬೇಕು?

ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮೂರ ಅಂಗಡಿಯಾಗಲಿ, ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಹೋಗುವಾಗ ನಿಮ್ಮದೇ ಇಯರ್‌ಫೋನ್ ಮತ್ತು ಹಾಡು ತುಂಬಿದ ಕಾರ್ಡ್ ಜೇಬಿನಲ್ಲಿರಲಿ. ಆನ್‌ಲೈನ್ ತರಿಸಿದರೆ ವಾಪಸ್ ಕೊಡುವ ಗಡುವಿನೊಳಗೆ ಇದನ್ನೇ ಮನೆಯಲ್ಲಿ ಮಾಡಿ.

ಆನ್ ಮಾಡಿ, ಹಾಡು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಕೆಲವು ಪ್ಲೇಯರ್‌ಗಳು ಪ್ರತಿ ಸಲ ಇಡೀ ಕಾರ್ಡನ್ನು ಓದಿ ಮುಗಿಸಿದ ಮೇಲೇ ಬಾಯಿ ಬಿಡುತ್ತವೆ. ಒಂದು ಹಾಡನ್ನು ಮಧ್ಯದಲ್ಲಿ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಆನ್ ಮಾಡಿ. ಅಲ್ಲಿಂದಲೇ ಶುರುವಾಯಿತೇ? ಎರಡು ಟ್ರ್ಯಾಕ್ ಕೂಡುವ ಜಾಗದಲ್ಲಿ ತಂಬೂರಿ ನಿಂತಿತೇ?

ಈಗ ವಾಲ್ಯೂಮ್ ಪೂರ್ತಿ ಇಳಿಸಿ, ಒಂದೇ ಒಂದು ಮೆಟ್ಟಿಲು ಏರಿಸಿ. ಇದನ್ನು ಯಾರೂ ನೋಡುವುದಿಲ್ಲ. ಅಗ್ಗದ ಪ್ಲೇಯರ್‌ಗಳಲ್ಲಿ ಆ ಮೊದಲ ಮೆಟ್ಟಿಲೇ ರಾತ್ರಿ ಮಲಗಿ ಕೇಳಲಾಗದಷ್ಟು ಜೋರಾಗಿರುತ್ತದೆ. ಹಾಡು ನಿಲ್ಲಿಸಿದಾಗ ಹಿಂದೆ 'ಸ್ಸ್' ಎಂಬ ಸದ್ದು ಉಳಿದರೂ ಬೇಡ. ಆಮೇಲೆ ಅದನ್ನು ಜೇಬಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಗುಂಡಿ ತಾನಾಗಿ ಒತ್ತಿಕೊಂಡು ಹಾಡು ಬದಲಾದರೆ ಲಾಕ್ ಸ್ವಿಚ್ ಇದೆಯೇ ಕೇಳಿ. ಜೇಬಿನಿಂದ ತೆಗೆಯದೆ, ನೋಡದೆ, ಬೆರಳಲ್ಲೇ ಮುಂದಿನ ಹಾಡಿಗೆ ಹೋಗಲು ಸಾಧ್ಯವೇ ಎಂಬುದನ್ನೂ ನೋಡಿ. ಪರದೆ ನೋಡಬೇಕಾಗಿಲ್ಲ ಅನ್ನುವುದೇ ಇಲ್ಲಿ ಮುಖ್ಯ.

ಹಾಡಿನ ಹೆಸರು ಕನ್ನಡದಲ್ಲಿ ಕಾಣುತ್ತದೆ ಎಂದು ನಂಬಬೇಡಿ. ಎಷ್ಟೋ ಪ್ಲೇಯರ್‌ಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಚೌಕಗಳ ಸಾಲು ಬರುತ್ತದೆ. ಕಾರ್ಡಿನಲ್ಲಿ ಒಂದೆರಡು ಫೈಲಿಗೆ ಕನ್ನಡ ಹೆಸರಿಟ್ಟು ಪರೀಕ್ಷೆ ಮಾಡಿ. ಬರಲಿಲ್ಲವೆಂದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಬೇಕು, ಬೇಸರವಾದರೂ.

ಚಾರ್ಜಿಂಗ್ ಟೈಪ್ ಸಿ ಆಗಿರಲಿ. ದನಿಯ ಸೂಕ್ಷ್ಮತೆಯ ಲೆಕ್ಕ ತೆಗೆದು 192 ಕಿಲೋಹರ್ಟ್ಸ್, 24 ಬಿಟ್ ಎಂದು ಅಂಗಡಿಯವರು ಶುರು ಮಾಡಿದರೆ ನಕ್ಕು ಸುಮ್ಮನಾಗಿ. ಸಿಡಿಯ 44.1 ಕಿಲೋಹರ್ಟ್ಸ್, 16 ಬಿಟ್ ನಮ್ಮ ಕಿವಿಗೆ ಧಾರಾಳ. ಆ ಹೆಚ್ಚಿನ ದುಡ್ಡಿಗೆ ಒಳ್ಳೆಯ ಇಯರ್‌ಫೋನ್ ಬರುತ್ತದೆ, ವ್ಯತ್ಯಾಸ ಅಲ್ಲಿ ಕೇಳಿಸುತ್ತದೆ.

ಹಾಡು ತುಂಬುವಾಗ

ಹಾಡುಗಳು ಹಿಂದುಮುಂದಾಗಿ ಬರುತ್ತವೆ ಎಂಬುದು ಪೆನ್‌ಡ್ರೈವ್ ಕಾಲದಿಂದಲೂ ಇರುವ ದೂರು. ಅಗ್ಗದ ಪ್ಲೇಯರ್‌ಗಳು ಹೆಸರಿನ ಅಕಾರಾದಿ ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಬಂತೋ ಅದನ್ನೇ ಮೊದಲು ಹಾಡುತ್ತವೆ. ಹಾಗಾಗಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಫೋಲ್ಡರ್‌ಗಳನ್ನು ಒಂದಾದ ಮೇಲೊಂದು ಕಾಪಿ ಮಾಡಿ. ಹೆಸರು ನೋಡಿ ಹಾಡುವ ಪ್ಲೇಯರ್‌ಗಳೂ ಇವೆ, ಅವಕ್ಕಾಗಿ ಫೈಲಿನ ಹೆಸರಿಗೆ ಮುಂದೆ 01, 02 ಎಂದು ಎರಡಂಕಿ ಹಾಕಿ. ಬರೀ 1, 2 ಎಂದು ಹಾಕಿದರೆ 1 ಆದ ಮೇಲೆ 10 ಬರುತ್ತದೆ. ಮ್ಯಾಕ್‌ನಿಂದ ಕಾಪಿ ಮಾಡಿದರೆ ಚುಕ್ಕಿಯಿಂದ ಶುರುವಾಗುವ ಪುಟಾಣಿ ಫೈಲುಗಳೂ ಜೊತೆಗೆ ಬರುತ್ತವೆ. ಪ್ಲೇಯರ್ ಅವನ್ನೂ ಹಾಡೆಂದು ತಿಳಿದು ಎಡವುತ್ತದೆ. ಅವನ್ನು ಅಳಿಸಿ, ಇಜೆಕ್ಟ್ ಕೊಟ್ಟು, ಆಮೇಲೆ ಕಾರ್ಡ್ ಹೊರತೆಗೆಯಿರಿ. ಮೆಮೊರಿ ಕಾರ್ಡ್ ಯಾವಾಗ ಕೈಕೊಡುತ್ತದೋ ಹೇಳಲಾಗದು, ಎಲ್ಲ ಹಾಡುಗಳ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ.